ಸಿಗರೇಟು ಬಿಟ್ಟು ಐದು ದಿನ, ಸುಮ್ನೆ ಅಳು ಬರುತ್ತಿದೆ

ಪ್ರಶ್ನೆ: ಡಾಕ್ಟ್ರೇ, ಹನ್ನೆರಡು ವರ್ಷದಿಂದ ದಿನಕ್ಕೊಂದು ಪ್ಯಾಕ್ ಸೇದುತ್ತಿದ್ದೆ. ಬಿಟ್ಟು ಐದು ದಿನ ಆಯಿತು. ಎಲ್ಲರ ಮೇಲೂ ರೇಗುತ್ತಿದ್ದೇನೆ. ನಿನ್ನೆ ಶೂ ಲೇಸಿನ ಗಂಟು ಬಿಚ್ಚಲಿಲ್ಲ ಅಂತ ಅತ್ತುಬಿಟ್ಟೆ. ಮೂರು ವರ್ಷದ ಹಿಂದೆ ಖಿನ್ನತೆಗೆ ಮಾತ್ರೆ ತಗೊಂಡಿದ್ದೆ, ಈಗ ಇಲ್ಲ. ಸಿಗರೇಟೇ ನನ್ನನ್ನು ಸರಿಯಾಗಿ ಇಟ್ಟಿತ್ತೇನೋ ಅನಿಸುತ್ತಿದೆ. ಮತ್ತೆ ಶುರು ಮಾಡಲಾ?

ಮನೋವೈದ್ಯೆಯ ಉತ್ತರ: ಬೇಡ. ನೀವೀಗ ತುಂಬಾ ಕಷ್ಟದ ದಿನಗಳಲ್ಲೇ ಇದ್ದೀರಿ. ಈ ರೇಗಾಟ, ಅಳು ಮೊದಲ ವಾರ ಜಾಸ್ತಿ. ಸಾಮಾನ್ಯವಾಗಿ 2ರಿಂದ 4 ವಾರದಲ್ಲಿ ಇಳಿಯುತ್ತದೆ.

ಬೆಳಗಿನ ಮೊದಲ ಸಿಗರೇಟು ನೆನಪಿಸಿಕೊಳ್ಳಿ. ಎಲ್ಲಕ್ಕಿಂತ ಹಿತ ಅದೇ ಅಲ್ವಾ? ರಾತ್ರಿಯಿಡೀ ನಿಕೋಟಿನ್ ಸಿಕ್ಕಿರಲಿಲ್ಲ, ಅದಕ್ಕೆ. ದಮ್ಮೆಳೆದ ಕೆಲವೇ ಸೆಕೆಂಡಿನಲ್ಲಿ ಅದು ಮೆದುಳು ಮುಟ್ಟುತ್ತದೆ, ಖುಷಿ ಕೊಡುವ ಡೋಪಮಿನ್ ಅನ್ನುವ ರಾಸಾಯನಿಕ ಹೆಚ್ಚುತ್ತದೆ, ಹಾಯೆನಿಸುತ್ತದೆ. ಸುಮಾರು 2 ಗಂಟೆಯಲ್ಲಿ ರಕ್ತದಲ್ಲಿ ನಿಕೋಟಿನ್ ಅರ್ಧಕ್ಕೆ ಇಳಿದಿರುತ್ತದೆ. ಚಡಪಡಿಕೆ ಶುರು. ಇನ್ನೊಂದು ಹಚ್ಚಿದರೆ ಆ ಚಡಪಡಿಕೆ ಹೋಗುತ್ತದೆ, ನಾವು ಅದನ್ನೇ ನೆಮ್ಮದಿ ಅಂದುಕೊಳ್ಳುತ್ತೇವೆ.

ಖಿನ್ನತೆ ಇರುವವರು ಸಿಗರೇಟಿನ ಕಡೆ ವಾಲುವುದೂ ನಿಜ, ಸೇದುವವರಲ್ಲಿ ಖಿನ್ನತೆ ಜಾಸ್ತಿ ಇರುವುದೂ ನಿಜ. ಯಾವುದು ಮೊದಲು ಅಂತ ಬಿಡಿಸುವುದು ಕಷ್ಟ. ಆದರೆ 26 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2014ರ ಒಂದು ವಿಶ್ಲೇಷಣೆಯಲ್ಲಿ, ಬಿಟ್ಟವರ ಖಿನ್ನತೆ, ಆತಂಕ ಎರಡೂ ಮುಂದುವರಿಸಿದವರಿಗಿಂತ ಕಡಿಮೆಯಾಗಿದ್ದವು. ಮಾನಸಿಕ ಕಾಯಿಲೆ ಇದ್ದವರಲ್ಲೂ ಹಾಗೇ.

ನಿಮಗೆ ಹಿಂದೆ ಖಿನ್ನತೆ ಬಂದಿದ್ದರಿಂದ ಒಬ್ಬರೇ ಒದ್ದಾಡಬೇಡಿ. ಈ ವಾರವೇ ವೈದ್ಯರನ್ನು ನೋಡಿ, ನಿಕೋಟಿನ್ ಪ್ಯಾಚ್ (ಚರ್ಮಕ್ಕೆ ಅಂಟಿಸುವ ಪಟ್ಟಿ) ಅಥವಾ ಗಮ್ ಬಗ್ಗೆ ಕೇಳಿ. ಬುಪ್ರೋಪಿಯಾನ್ ಅನ್ನುವ ಮಾತ್ರೆ ಖಿನ್ನತೆಗೂ ಆಗುತ್ತದೆ, ಸಿಗರೇಟು ಬಿಡುವುದಕ್ಕೂ ಆಗುತ್ತದೆ. ಎಲ್ಲರಿಗೂ ಹೊಂದುವುದಿಲ್ಲ, ಅದನ್ನು ಅವರೇ ಹೇಳಬೇಕು. ಸಾಯಬೇಕು ಅನ್ನುವ ಯೋಚನೆ ಬಂದರೆ ಮಾತ್ರ ಕಾಯಬೇಡಿ, ಆಗಲೇ ಮನೆಯವರಿಗೆ ಹೇಳಿ ಆಸ್ಪತ್ರೆಗೆ ಹೋಗಿ.

ಮರುಪ್ರಶ್ನೆ: ಅಂಥ ಯೋಚನೆ ಇಲ್ಲ ಡಾಕ್ಟ್ರೇ. ನಿದ್ದೆಯೇ ಬರುತ್ತಿಲ್ಲ, ಎದೆ ಡವಡವ ಅನ್ನುತ್ತದೆ. ಸಿಗರೇಟು ನೆನಪಾದಾಗೆಲ್ಲ ಕಾಫಿ ಕುಡಿಯುತ್ತಿದ್ದೇನೆ, ದಿನಕ್ಕೆ ಆರು ಕಪ್.

ಉತ್ತರ: ಅಲ್ಲೇ ಇದೆ ನೋಡಿ! ನಿದ್ದೆ ಕೆಡಿಸಿ ಎದೆಬಡಿತ ಹೆಚ್ಚಿಸುವುದು ಕಾಫಿಯಲ್ಲಿರುವ ಕೆಫೀನ್. ಸಿಗರೇಟಿನ ಹೊಗೆಯಿಂದ ಲಿವರ್ ಅದನ್ನು ಬೇಗ ಬೇಗ ಕರಗಿಸುತ್ತಿರುತ್ತದೆ. ಹೊಗೆ ನಿಂತರೆ ಆ ವೇಗ ತಗ್ಗುತ್ತದೆ, ಅದೇ ಕಪ್ ಕಾಫಿ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಕಾಫಿ ಅರ್ಧಕ್ಕಿಳಿಸಿ, ಮಧ್ಯಾಹ್ನದ ಮೇಲೆ ಬೇಡ. ಎದೆಬಡಿತ ಆಮೇಲೂ ನಿಲ್ಲದಿದ್ದರೆ ತೋರಿಸಿ.

ಇದನ್ನು ಓದುತ್ತಿರುವವರಲ್ಲಿ ಸ್ಕಿಜೋಫ್ರೀನಿಯಾದಂಥ ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್, ಓಲಾಂಜಪಿನ್ ಮಾತ್ರೆ ತಗೊಳ್ಳುವವರಿದ್ದರೆ, ಸಿಗರೇಟು ಬಿಡುವ ಮೊದಲೇ ನಿಮ್ಮ ವೈದ್ಯರಿಗೆ ತಿಳಿಸಿ. ಇದೇ ಕಾರಣಕ್ಕೆ ಆ ಮಾತ್ರೆಗಳೂ ರಕ್ತದಲ್ಲಿ ಏರುತ್ತವೆ. ಪ್ಯಾಚ್ ಹಾಕಿಕೊಂಡರೂ ಅಷ್ಟೇ, ಯಾಕೆಂದರೆ ಲಿವರನ್ನು ಚುರುಕು ಮಾಡುತ್ತಿದ್ದದ್ದು ನಿಕೋಟಿನ್ ಅಲ್ಲ, ಹೊಗೆ.