ಬಂಗುಡೆ ರನ್‌ಡೌನ್, ಎಸ್ಕೊವಿಚ್, ಕಲಲೂ: ಕೆರಿಬಿಯನ್ ಮೀನಡುಗೆ ಇಲ್ಲಿನ ಮೀನಲ್ಲಿ ಮಾಡುವುದು ಹೇಗೆ?

ಕೊಥ್ರೂಡ್ ಒಗ್ಗರಣೆ, ಪುಣೆ

ನಾಲ್ಕು ಜನಕ್ಕೆ ಮೂರು ಅಡುಗೆ ಮಾಡಬೇಕು: ಜಮೈಕಾದ ಬಂಗುಡೆ ರನ್‌ಡೌನ್ (ತೆಂಗಿನಹಾಲು ಬತ್ತಿಸಿ ಮಾಡುವುದು) ಮತ್ತು ಎಸ್ಕೊವಿಚ್ (ಕರಿದ ಮೀನಿಗೆ ವಿನಿಗರ್, ತರಕಾರಿ), ಟ್ರಿನಿಡಾಡ್‌ನ ಏಡಿ ಕಲಲೂ (ಸೊಪ್ಪಿನ ದಪ್ಪ ಸಾರು). ವಿಧಾನ ಎಲ್ಲ ಕಡೆ ಸಿಗುತ್ತದೆ, ತೊಡಕಿರುವುದು ಸಾಮಾನಿನಲ್ಲಿ. ಡಬ್ಬಿಯ ತೆಂಗಿನಹಾಲು ಅರ್ಧ ಗಂಟೆ ಕುದಿಸಿದರೂ ಎಣ್ಣೆ ಬಿಡುವುದಿಲ್ಲ, ಬಿಳಿ ಗೊಜ್ಜಾಗಿ ನಿಲ್ಲುತ್ತದೆ. ಪಿಮೆಂಟೊ, ಅಂದರೆ ಆಲ್‌ಸ್ಪೈಸ್ ಕೇಳಿದರೆ ಕಿರಾಣಿಯವರು ಕಬಾಬ್‌ಚೀನಿ ಕೊಡುತ್ತಾರೆ, ಎರಡೂ ಒಂದೇನಾ? ಸ್ಕಾಚ್ ಬಾನೆಟ್ ಮೆಣಸಿನಕಾಯಿ ಬದಲಿಗೆ ಯಾವುದು? ಎಸ್ಕೊವಿಚ್‌ಗೆ ಮೀನು ಎಷ್ಟು ಗರಿಗರಿ ಕರಿದರೂ ವಿನಿಗರ್ ಬಿದ್ದ ಮೇಲೆ ತೊಗಲು ಮೆತ್ತಗಾಗುತ್ತದೆ, ಇದು ಹೀಗೇನಾ ಅಥವಾ ತಪ್ಪಾ? ಆಕೀ ಎಂಬ ಹಣ್ಣು ಮತ್ತು ಉಪ್ಪುಮೀನು ಸೇರಿಸಿ ಮಾಡುವ ಆಸೆಯೂ ಇದೆ, ಆದರೆ ಆಕೀ ಡಬ್ಬಿ ಎಲ್ಲೂ ಕಾಣುತ್ತಿಲ್ಲ.

ಮೀನು ಗಣೇಶ್ ಪೇಠ್ ಅಥವಾ ಕ್ಯಾಂಪ್‌ನ ಶಿವಾಜಿ ಮಾರ್ಕೆಟ್‌ನದು. ಅಂದರೆ ಐಸ್‌ನಲ್ಲಿ ಘಾಟ್ ಹತ್ತಿ ಬಂದದ್ದು.

ಡೊಂಬಿವಲಿ ದೀಗುಜ್ಜೆ, ಮುಂಬೈ

ರನ್‌ಡೌನ್‌ನಿಂದ ಶುರು ಮಾಡುತ್ತೇನೆ, ಯಾಕೆಂದರೆ ಅಲ್ಲಿ ನಮ್ಮ ಕರಾವಳಿ ಅಡುಗೆಯ ಅಭ್ಯಾಸವೇ ಅಡ್ಡ ಬರುತ್ತದೆ. ನಾವು ದಪ್ಪ ಹಾಲನ್ನು ಕೊನೆಗೆ ಹಾಕಿ ಒಂದು ಕುದಿ ಬರುವಷ್ಟರಲ್ಲಿ ಇಳಿಸುತ್ತೇವೆ, ಒಡೆಯಬಾರದು ಅಂತ. ಇಲ್ಲಿ ಹಾಲು ಒಡೆಯಲೇಬೇಕು. ನೀರು ಪೂರ್ತಿ ಆರಿ, ಎಣ್ಣೆ ಬೇರೆ, ತರಿತರಿ ಗಸಿ ಬೇರೆ ಆಗಬೇಕು. ಆ ಗಸಿಗೆ ಜಮೈಕಾದವರು ಕಸ್ಟರ್ಡ್ ಅನ್ನುತ್ತಾರೆ. ರುಚಿಯೆಲ್ಲ ಅದರಲ್ಲಿದೆ.

ಡಬ್ಬಿ ಹಾಲು ಒಡೆಯದಿರುವುದಕ್ಕೆ ಕಾರಣ ಅದರೊಳಗಿನ ಗಟ್ಟಿಕಾರಕಗಳು. ಗೌರ್ ಗಮ್, ಎಮಲ್ಸಿಫೈಯರ್ ಅಂತ ಲೇಬಲ್ ಮೇಲೆ ಇದ್ದರೆ ಅದು ಎಣ್ಣೆಯನ್ನು ನೀರಿನಿಂದ ಬಿಡಿಸಲು ಬಿಡುವುದಿಲ್ಲ. ತೆಂಗಿನಹಾಲಿನ ಪುಡಿ ಇನ್ನೂ ಕೆಟ್ಟದು, ಅದರಲ್ಲಿ ಹೆಚ್ಚಾಗಿ ಮಾಲ್ಟೊಡೆಕ್ಸ್‌ಟ್ರಿನ್, ಹಾಲಿನ ಪ್ರೋಟೀನ್ ಸೇರಿರುತ್ತದೆ. ತುರಿಯಲು ಬೇಸರವಾದರೆ ಫ್ರೀಜರ್‌ನಲ್ಲಿ ಸಿಗುವ ತೆಂಗಿನತುರಿ ತಂದು ಹಾಲು ಹಿಂಡಿ, ಅದು ನಡೆಯುತ್ತದೆ.

ಲೆಕ್ಕ: ಬಲಿತ ತೆಂಗಿನಕಾಯಿ ಎರಡು, ತುರಿ ಸುಮಾರು 450 ಗ್ರಾಂ. 600 ಮಿ.ಲೀ. ಬಿಸಿನೀರನ್ನು ಎರಡು ಸಲಕ್ಕೆ ಹಾಕಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಎರಡೂ ಹಾಲು ಸೇರಿಸಿ. ಎಳೆ ಕಾಯಿ ಬೇಡ, ಎಣ್ಣೆ ಸಾಲದು. ಅಗಲವಾದ ಬಾಣಲೆ ತೆಗೆದುಕೊಳ್ಳಿ; ಕಡಾಯಿ ಆಳವಿದ್ದರೆ 20 ನಿಮಿಷದ ಕೆಲಸ 40 ನಿಮಿಷ ಆಗುತ್ತದೆ. ದೊಡ್ಡ ಉರಿಯಲ್ಲಿ ಕುದಿಸಿ. ಮೊದಲು ನೊರೆ ಏರುತ್ತದೆ, ಆಮೇಲೆ ಗುಳ್ಳೆಗಳು ದೊಡ್ಡದಾಗಿ, ದಪ್ಪಗೆ, ಪುಳಕ್ ಪುಳಕ್ ಎಂದು ಒಡೆಯುತ್ತವೆ. ಅಲ್ಲಿಂದ ಉರಿ ಮಧ್ಯಮಕ್ಕೆ ತಂದು ಕೈಬಿಡದೆ ತಿರುವಿ. ಅಂಚಿನಲ್ಲಿ ಎಣ್ಣೆ ಮಿನುಗಿ, ಸೌಟು ಎಳೆದ ಜಾಗದಲ್ಲಿ ತಳ ಒಂದು ಕ್ಷಣ ಕಾಣಿಸಿದರೆ ಬಂತು. ಗಸಿ ಇನ್ನೂ ಕೆನೆ ಬಣ್ಣದಲ್ಲೇ ಇರಬೇಕು. ಕಂದು ತಿರುಗಿತೆಂದರೆ ನೀವು ಉರುಕೆಣ್ಣೆ (ಹಾಲು ಕಾಯಿಸಿ ತೆಗೆಯುವ ತೆಂಗಿನೆಣ್ಣೆ) ಕಾಯಿಸುತ್ತಿದ್ದೀರಿ, ರನ್‌ಡೌನ್ ಅಲ್ಲ.

ಆ ಎಣ್ಣೆಯಲ್ಲೇ ಹೆಚ್ಚಿದ ಈರುಳ್ಳಿ 1, ಬೆಳ್ಳುಳ್ಳಿ 4 ಎಸಳು, ಈರುಳ್ಳಿ ಹೂವು 3 ಕಡ್ಡಿ, ಪಿಮೆಂಟೊ 6 ಕಾಳು, ಥೈಮ್ 3 ಕಡ್ಡಿ, ಟೊಮೆಟೊ 2. ಟೊಮೆಟೊ ಕರಗಿದ ಮೇಲೆ ಮೀನು. ಮೂಲದಲ್ಲಿ ಇದು ಉಪ್ಪು ಹಾಕಿಟ್ಟ ಬಂಗುಡೆಯ ಅಡುಗೆ. ತಾಜಾ ಬಂಗುಡೆಯಾದರೆ ಮಧ್ಯಮ ಗಾತ್ರದ 4, ಒಂದೂವರೆ ಚಮಚ ಉಪ್ಪು, ಅರ್ಧ ನಿಂಬೆ ಹಚ್ಚಿ 20 ನಿಮಿಷ ಇಟ್ಟು, ಬಿಟ್ಟ ನೀರು ಚೆಲ್ಲಿ ಹಾಕಿ. ಮುಚ್ಚಿ 8 ನಿಮಿಷ, ಒಮ್ಮೆ ಮಾತ್ರ ಮಗುಚಿ. ಹುಳಿ ಬೇಡ, ಅರಿಶಿನ ಬೇಡ, ಕರಿಬೇವು ಬೇಡ. ಕೈ ತಡೆಯುವುದು ಕಷ್ಟ, ಆದರೂ ತಡೆಯಿರಿ. ಪುನರ್ಪುಳಿ ಬಿದ್ದ ಕೂಡಲೇ ಅದು ಮೀನ್ಸಾರು.

ಪಿಮೆಂಟೊ ವಿಷಯ: ಕಬಾಬ್‌ಚೀನಿ ಎಂಬ ಹೆಸರಿನಲ್ಲಿ ಎರಡು ಕಾಳು ಮಾರುತ್ತಾರೆ. ಕಾಳಿಗೆ ಸಣ್ಣ ಬಾಲವಿದ್ದರೆ ಅದು ಬಾಲಮೆಣಸು, ಬೇಡ. ಬಾಲವಿಲ್ಲದೆ ಕಾಳುಮೆಣಸಿಗಿಂತ ತುಸು ದಪ್ಪಗೆ, ಕಂದಾಗಿ, ನೆತ್ತಿಯ ಮೇಲೆ ಪುಟ್ಟ ಉಂಗುರದ ಗುರುತಿದ್ದು, ಉಗುರಲ್ಲಿ ಒಡೆದರೆ ಲವಂಗದ ವಾಸನೆ ಬಂದರೆ ಅದೇ ನಿಮಗೆ ಬೇಕಾದ್ದು. ಏನೂ ಸಿಗದಿದ್ದರೆ 6 ಕಾಳಿಗೆ 2 ಲವಂಗ, ಕಡಲೆಯಷ್ಟು ಚಕ್ಕೆ, ಒಂದು ಚಿಟಿಕೆ ಜಾಯಿಕಾಯಿ. ಗರಂ ಮಸಾಲೆ ಮಾತ್ರ ಬೇಡವೇ ಬೇಡ.

ಸ್ಕಾಚ್ ಬಾನೆಟ್‌ನಲ್ಲಿ ಖಾರಕ್ಕಿಂತ ಹಣ್ಣಿನಂಥ ಪರಿಮಳ ಮುಖ್ಯ. ಹಸಿಮೆಣಸು, ಬ್ಯಾಡಗಿ ಎರಡರಲ್ಲೂ ಅದಿಲ್ಲ. ಹಬನೆರೊ ಅದರ ಖಾಸಾ ತಮ್ಮ. ಕ್ರಾಫರ್ಡ್ ಮಾರ್ಕೆಟ್‌ನ ವಿದೇಶಿ ತರಕಾರಿಯವರ ಹತ್ತಿರ ವಿಚಾರಿಸಿ. ಈಶಾನ್ಯದ ಭೂತ್ ಜೊಲೋಕಿಯಾದಲ್ಲೂ ಆ ಪರಿಮಳವಿದೆ, ಆದರೆ ಸ್ಕಾಚ್ ಬಾನೆಟ್ 1ರಿಂದ 3.5 ಲಕ್ಷ ಸ್ಕೋವಿಲ್ (ಖಾರದ ಅಳತೆ) ಆದರೆ ಇದು 10 ಲಕ್ಷ ದಾಟುತ್ತದೆ. ತೊಟ್ಟು ಸಮೇತ ಇಡೀ ಕಾಯಿಯನ್ನು ಸಾರಿನ ಮೇಲೆ ತೇಲಿಬಿಟ್ಟು 5 ನಿಮಿಷಕ್ಕೆ ತೆಗೆದುಬಿಡಿ. ಸೌಟು ತಾಗಿ ಅದು ಒಡೆದರೆ ಆ ಪಾತ್ರೆ ನಿಮ್ಮದೊಬ್ಬರದೇ.

ವಾಸ್ಕೊ ರೊಟ್ಟಿ, ಗೋವಾ

ರನ್‌ಡೌನ್ ಬಗ್ಗೆ ಒಂದು ಮಾತು ಸೇರಸ್ತೀನ್ರಿ. ಗೋವಾಕ್ಕ ಬರೋರು ಯಾರರ ಇದ್ರ ಉಪ್ಪು ಬಂಗಡೆ ತರಸ್ರಿ. ಮಾಪ್ಸಾ ಶುಕ್ರವಾರದ ಸಂತ್ಯಾಗ, ಮಳೆಗಾಲಕ್ಕ ಮುಂಚೆ ಕೂಡಿಡೂ ಪುರುಮೆಂತ್ ಸಾಮಾನಿನ ಜೋಡಿ ಬೇಕಾದಷ್ಟು ಸಿಗತಾವ. ಜಮೈಕಾದ ಉಪ್ಪು ಮ್ಯಾಕರೆಲ್‌ಗೆ ಇದಕ್ಕಿಂತ ಹತ್ತಿರದ್ದು ಇಲ್ಲ. ಆದ್ರ ಇದು ಅದಕ್ಕಿಂತ ಒಣಗಿರತದ, ಉಪ್ಪೂ ಜಾಸ್ತಿ. ರಾತ್ರಿ ನೀರಾಗ ನೆನೆಹಾಕಿ, ನಡುವೆ ಎರಡು ಸಲ ನೀರು ಬದಲಿಸಿ, ಮುಂಜಾನೆ ತಣ್ಣೀರಾಗ ಇಟ್ಟು 10 ನಿಮಿಷ ಕುದಿಸಿ ಆ ನೀರು ಚೆಲ್ರಿ. ಒಂದು ಚೂರು ಬಾಯಾಗ ಹಾಕ್ಕೊಂಡು ನೋಡ್ರಿ. ಚಪಾತಿ ಪಲ್ಯದಕಿಂತ ಸ್ವಲ್ಪ ಉಪ್ಪು ಅನಿಸಬೇಕು, ಅಷ್ಟ. ಪೂರ್ತಿ ಉಪ್ಪು ತೆಗೆದ್ರ ಮೀನು ಹತ್ತಿ ಆಗತದ, ರುಚಿ ಏನೂ ಉಳಿಯೂದಿಲ್ಲ. ಮೇಲೆ ಬ್ಯಾರೆ ಉಪ್ಪು ಹಾಕಬ್ಯಾಡ್ರಿ.

ಈಗ ಎಸ್ಕೊವಿಚ್. ತೊಗಲು ಮೆತ್ತಗಾಗೂದು ತಪ್ಪಲ್ಲ. ಇದು ಸ್ಪೇನಿನ ಎಸ್ಕಬೆಚೆ ಮನೆತನದ್ದು. ಕರಿದ ಮೀನಿಗೆ ವಿನಿಗರ್ ಕುಡಿಸಿ ಇಟ್ಟು ತಿನ್ನೂದು. ಜಮೈಕಾದಾಗ ಈಸ್ಟರ್ ಹೊತ್ತಿಗೆ ಮೊದಲ ಮಾಡಿಟ್ಟು ತಣ್ಣಗ ತಿಂತಾರ. ಗರಿಗರಿನ ಬೇಕಂದ್ರ ತರಕಾರಿಯನ್ನ ಜಾಲರಿ ಸೌಟಿನಿಂದ ಎತ್ತಿ, ರಸ ಬಸಿದು, ತಾಟಿಗೆ ಬಡಿಸೂ ಮುಂದ ಹಾಕ್ರಿ. ಎರಡೂ ಒಟ್ಟಿಗೆ ಬೇಕು ಅಂದ್ರ ಆಗಂಗಿಲ್ಲ.

ಮೀನು: ಗೋವಾದ ತಾಂಬ್ಸೊ, ನಿಮ್ಮ ಕರಾವಳಿಯವರ ಕೆಂಬೇರಿ, 400ರಿಂದ 500 ಗ್ರಾಮಿನದು, ತಲೆ ಸಮೇತ. ಅದಕ್ಕೂ ದೊಡ್ಡದು ತಂದ್ರ ಹೊರಗ ಸುಟ್ಟು ಒಳಗ ಹಸಿ. ಪಾಪ್ಲೆಟ್ ಬ್ಯಾಡ, ವಿನಿಗರಿಗೆ ಅದರ ಮೆತ್ತನೆ ಮಾಂಸ ತಡೆಯೂದಿಲ್ಲ. ಎರಡೂ ಬದಿ ಎಲುಬಿನ ತನಕ ಮೂರು ಗೀರು ಹಾಕಿ, ಉಪ್ಪು, ಕಾಳುಮೆಣಸು, ಪಿಮೆಂಟೊ ಪುಡಿ ಗೀರಿನ ಒಳಗೂ ತುಂಬ್ರಿ. ಆಮೇಲೆ ಬಟ್ಟಿಲೆ ಒರೆಸಿ ಫ್ರಿಜ್‌ನಾಗ ಒಂದು ತಾಸು ಮುಚ್ಚದ ಇಡ್ರಿ. ತೊಗಲು ಮುಟ್ಟಿದ್ರ ಕಾಗದದಂಗ ಒಣ ಅನಿಸಬೇಕು. ಮೀನು ತವಾಕ್ಕ ಅಂಟೂದಕ್ಕ ಬಹುತೇಕ ಹಸಿ ತೊಗಲು ಇಲ್ಲಾ ತಣ್ಣನೆ ಎಣ್ಣೆ ಕಾರಣ. ರವಾ, ಹಿಟ್ಟು ಏನೂ ಹಚ್ಚೂದಿಲ್ಲ. ಎಣ್ಣೆ 180 ಡಿಗ್ರಿ, ಮೀನಿನ ಅರ್ಧ ಮುಳುಗೂವಷ್ಟು, ಬದಿಗೆ 5–6 ನಿಮಿಷ. ತಾನಾಗಿ ಬಿಡೂ ತನಕ ಕೆದಕಬ್ಯಾಡ್ರಿ.

ಮೇಲಿನ ತರಕಾರಿಗೆ ಎರಡು ಮೀನಿನ ಲೆಕ್ಕ: ವಿನಿಗರ್ 200 ಮಿ.ಲೀ., ಸಕ್ಕರಿ 1 ಚಮಚ, ಉಪ್ಪು ಅರ್ಧ ಚಮಚ, ಪಿಮೆಂಟೊ 10 ಕಾಳು. ಕುದಿ ಬಂದ ಮೇಲೆ ಉಳ್ಳಾಗಡ್ಡಿ ಚಕ್ರ 2ರದು, ಗಜ್ಜರಿ 1, ಮೆಣಸಿನಕಾಯಿ ಸೀಳು, ಮತ್ತ ಸೀಮೆಬದನೆ ಅರ್ಧ, ಕಡ್ಡಿಯಂಗ ಹೆಚ್ಚಿದ್ದು. ಸೀಮೆಬದನೆ ಬದಲಿ ಸಾಮಾನಲ್ಲ, ಜಮೈಕಾದಾಗ ಚೋಚೋ ಅಂತ ಅದನ್ನ ಹಾಕ್ತಾರ. ಒಂದ ನಿಮಿಷಕ್ಕ ಉರಿ ಆರಿಸ್ರಿ, ಕಚ್ಚಿದ್ರ ಕುರುಕ್ ಅನಬೇಕು. ಸಾದಾ ಬಿಳಿ ವಿನಿಗರ್ ಆದ್ರ ಬಾಟಲಿ ಮ್ಯಾಲೆ ಶೇಕಡಾ ನೋಡ್ರಿ. 4–5 ಇದ್ರ ಹಂಗ ಹಾಕ್ರಿ, 8 ಇದ್ರ ಅರ್ಧಕ್ಕರ್ಧ ನೀರು. ಗೋವಾದ ಸೇಂದಿ ವಿನಿಗರ್ ಮೆತ್ತಗಿನ ರುಚಿ ಕೊಡತದ, ಬಣ್ಣ ಮಾತ್ರ ಮಂಕು.

ಕೊಥ್ರೂಡ್ ಒಗ್ಗರಣೆ, ಪುಣೆ

ಇಬ್ಬರಿಗೂ ಧನ್ಯವಾದ. ಬಾಲದ ಗುರುತು ಸರಿಯಾಗಿದೆ, ಅಂಗಡಿಯವರು ಕೊಟ್ಟದ್ದು ಬಾಲಮೆಣಸೇ. ಕಲಲೂ ಬಗ್ಗೆ ಯಾರಾದರೂ? ಕೆಲವು ಕಡೆ ಹರಿವೆ, ಕೆಲವು ಕಡೆ ಕೆಸು ಅಂತಿದೆ. ಕೆಸುವಾದರೆ ಹುಳಿ ಇಲ್ಲದೆ ಗಂಟಲು ತುರಿಸುವುದಿಲ್ಲವೇ? ಮತ್ತೆ, ಇವುಗಳಲ್ಲಿ ಯಾವುದನ್ನು ಹಿಂದಿನ ದಿನವೇ ಮಾಡಿಡಬಹುದು?

ಠಾಣೆ ಪತ್ರೊಡೆ, ಮುಂಬೈ

ಎರಡೂ ಸರಿ, ದ್ವೀಪ ಬೇರೆ. ಜಮೈಕಾದ ಕಲಲೂ ಹರಿವೆ ಜಾತಿಯ ಸೊಪ್ಪಿನ ಪಲ್ಯ. ಟ್ರಿನಿಡಾಡ್‌ನ ಕಲಲೂ ಕೆಸುವಿನೆಲೆ, ಬೆಂಡೆ, ತೆಂಗಿನಹಾಲಿನ ದಪ್ಪ ಸಾರು, ಏಡಿ ಬೀಳುವುದು ಇದಕ್ಕೆ.

ಪತ್ರೊಡೆಗೆ ಹುಣಸೆ ಹಾಕುವ ನಮಗೆ ಭಯ ಸಹಜ. ತುರಿಕೆ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಗಳಿಂದ. ಇಲ್ಲಿ ಹುಳಿಯ ಕೆಲಸವನ್ನು ದೀರ್ಘ ಬೇಯಿಸುವಿಕೆಗೆ ಬಿಡುತ್ತಾರೆ. ಮಾರುಕಟ್ಟೆಯಲ್ಲಿ ಅಳುವಡಿಗೆ (ಮರಾಠಿಗರ ಪತ್ರೊಡೆ) ಎಂದು ಮಾರುವ ಎಳೆ ಎಲೆ 250 ಗ್ರಾಂ ತನ್ನಿ, ದಂಟು ಮತ್ತು ದಪ್ಪ ನರ ತೆಗೆಯಿರಿ. ಗಟಾರದ ಬದಿಯಲ್ಲಿ ಬೆಳೆದದ್ದು ಬೇಡ. ಬೆಂಡೆ 8, ಸಿಹಿಗುಂಬಳ 150 ಗ್ರಾಂ, ಈರುಳ್ಳಿ 1, ಬೆಳ್ಳುಳ್ಳಿ 4, ತೆಂಗಿನಹಾಲು 400 ಮಿ.ಲೀ., ನೀರು ಒಂದು ಕಪ್, ಥೈಮ್, ಇಡೀ ಮೆಣಸಿನಕಾಯಿ ಎಲ್ಲ ಒಟ್ಟಿಗೆ ಹಾಕಿ ಸಣ್ಣ ಕುದಿಯಲ್ಲಿ 45 ನಿಮಿಷ. ಇಲ್ಲಿ ಡಬ್ಬಿ ಹಾಲು ಧಾರಾಳ ನಡೆಯುತ್ತದೆ, ಒಡೆಯಬೇಕಿಲ್ಲ. ಕೊನೆಯ 15 ನಿಮಿಷಕ್ಕೆ ಕಾಲು ಜಜ್ಜಿದ ಏಡಿ 2. ಒಂದು ಚಮಚ ಸಾರನ್ನು ನಾಲಿಗೆಯ ಹಿಂಭಾಗಕ್ಕೆ ತಾಗಿಸಿ ಎರಡು ನಿಮಿಷ ಕಾಯಿರಿ. ಚುರುಗುಟ್ಟಿದರೆ ಇನ್ನೂ 15 ನಿಮಿಷ.

ಆಮೇಲೆ ಏಡಿ, ಮೆಣಸಿನಕಾಯಿ ತೆಗೆದಿಟ್ಟು ಕಡೆಗೋಲಿನಲ್ಲಿ ಕಡೆಯಿರಿ. ಅಲ್ಲಿನವರೂ ಮರದ ಕಡೆಗೋಲನ್ನೇ ಬಳಸುತ್ತಾರೆ. 1845ರಿಂದ ಕೂಲಿಗೆ ಹೋದ ಭಾರತೀಯರು ಕೊಂಡೊಯ್ದ ‘ದಾಲ್ ಘುಟ್ನಿ’ ಎಂಬ ಹೆಸರೂ ಉಳಿದಿದೆ. ಮಿಕ್ಸಿಗೆ ಹಾಕಬೇಡಿ, ಬೆಂಡೆಯ ಲೋಳೆ ನೂಲು ನೂಲಾಗಿ ಎಳೆಯುತ್ತದೆ.

ಥೈಮ್ ಬಗ್ಗೆ ಯಾರೂ ಹೇಳಲಿಲ್ಲ. ಬಾಲ್ಕನಿಯಲ್ಲಿ ದೊಡ್ಡಪತ್ರೆ ಇದೆಯೇ? ಟ್ರಿನಿಡಾಡ್‌ನಲ್ಲಿ ಅದೇ ಎಲೆ ದಪ್ಪ ಎಲೆಯ ಥೈಮ್ ಎಂಬ ಹೆಸರಿನಲ್ಲಿ ಗ್ರೀನ್ ಸೀಸನಿಂಗ್‌ಗೆ (ಹಸಿ ಸೊಪ್ಪು ಅರೆದ ಮಸಾಲೆ) ಬೀಳುತ್ತದೆ. ಮೂರು ಕಡ್ಡಿ ಥೈಮ್‌ಗೆ ಎರಡೇ ಎಲೆ, ಜಾಸ್ತಿಯಾದರೆ ಕೆಮ್ಮಿನ ಕಷಾಯ. ಕಲಲೂಗೆ ಬೇಕಾದ ಇನ್ನೊಂದು ಸೊಪ್ಪು ಶಾಡೊ ಬೆನಿ. ಗರಗಸದ ಅಂಚಿನ ಉದ್ದ ಎಲೆ, ಕೊತ್ತಂಬರಿಯದೇ ಇನ್ನೂ ಜೋರಾದ ವಾಸನೆ; ಕೊಡಗು, ಕೇರಳದ ಹಿತ್ತಲುಗಳಲ್ಲಿ ಬೆಳೆಯುತ್ತದೆ. ಇಲ್ಲದಿದ್ದರೆ ಕೊತ್ತಂಬರಿಯನ್ನು ದಂಟು ಸಮೇತ ಎರಡು ಪಟ್ಟು ಹಾಕಿ.

ಡೊಂಬಿವಲಿ ದೀಗುಜ್ಜೆ, ಮುಂಬೈ

ಆಕೀ ಉಳಿದಿತ್ತು. ಬದಲಿ ಹುಡುಕಬೇಡಿ. ಮೊಟ್ಟೆ ಬುರ್ಜಿ, ಪನೀರ್ ಅಂತ ಬರೆಯುತ್ತಾರೆ, ನೋಟ ಬರುತ್ತದೆ, ರುಚಿ ಬರುವುದಿಲ್ಲ. ಯಾರಾದರೂ ಹಸಿ ಹಣ್ಣು ತಂದುಕೊಟ್ಟರೂ ಮುಟ್ಟಬೇಡಿ: ತಾನಾಗಿ ಬಿರಿಯದ ಕಾಯಿಯಲ್ಲಿ ಹೈಪೊಗ್ಲೈಸಿನ್ ಎಂಬ ವಿಷ ಇರುತ್ತದೆ, ರಕ್ತದ ಸಕ್ಕರೆ ಕುಸಿದು ಪ್ರಾಣಕ್ಕೇ ಕುತ್ತು. ಉಪ್ಪುಮೀನನ್ನು ಎಲೆಕೋಸಿನ ಜೊತೆ ಮಾಡಿ, ಅದೂ ಜಮೈಕಾದ ನಿಜವಾದ ಮನೆಯಡುಗೆ. ಉಪ್ಪು ಬಿಡಿಸಿದ ಮೀನು 200 ಗ್ರಾಂ ಬಿಡಿಸಿ, ಈರುಳ್ಳಿ, ಥೈಮ್, ಟೊಮೆಟೊ ಜೊತೆ ಬಾಡಿಸಿ, ಸಣ್ಣಗೆ ಹೆಚ್ಚಿದ ಅರ್ಧ ಎಲೆಕೋಸು ಹಾಕಿ ಮುಚ್ಚಿ 7 ನಿಮಿಷ. ಮುಂಬೈಯ ಒಣ ಬೊಂಬಿಲ್ ಇದಕ್ಕೆ ಆಗದು, ಅದು ಉಪ್ಪಿನ ಮೀನಲ್ಲ, ಗಾಳಿಗೆ ಒಣಗಿದ್ದು.

ಪುಣೆಯ ಬಂಗುಡೆಗೆ ಒಂದು ಎಚ್ಚರ. ಈ ಜಾತಿಯ ಮೀನು ಬೆಚ್ಚಗೆ ಬಿದ್ದರೆ ಅದರಲ್ಲಿ ಹಿಸ್ಟಮಿನ್ ಎಂಬ ವಿಷವಸ್ತು ಕೂಡುತ್ತದೆ, ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಕಣ್ಣು ಮಂಕಾಗಿ, ಹೊಟ್ಟೆ ಒತ್ತಿದರೆ ಕುಳಿ ಹಾಗೇ ನಿಂತರೆ ಬಿಟ್ಟು ಬನ್ನಿ. ತಿನ್ನುವಾಗ ಮೆಣಸಿನ ಖಾರವಲ್ಲದ ಚುರುಕು ನಾಲಿಗೆಗೆ ತಾಗಿದರೆ ಅಲ್ಲಿಗೇ ನಿಲ್ಲಿಸಿ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿ ನಿಂತಿರುವಾಗ ಉಪ್ಪು ಬಂಗುಡೆಯೇ ವಾಸಿ.

ಹಿಂದಿನ ದಿನಕ್ಕೆ: ಎಸ್ಕೊವಿಚ್ ಪೂರ್ತಿ ಮಾಡಿಡಬಹುದು, ಫ್ರಿಜ್‌ನಲ್ಲಿಡಿ, ಗಾಜಿನ ಅಥವಾ ಸ್ಟೀಲ್ ಪಾತ್ರೆ, ಅಲ್ಯೂಮಿನಿಯಂ ಬೇಡ. ಕಲಲೂ ಏಡಿಯಿಲ್ಲದೆ ಕಡೆದಿಟ್ಟು, ಮರುದಿನ ಏಡಿ ಹಾಕಿ 15 ನಿಮಿಷ. ರನ್‌ಡೌನ್ ಅದೇ ದಿನ ಮಾಡಿ. ಫ್ರಿಜ್‌ನಲ್ಲಿ ತೆಂಗಿನೆಣ್ಣೆ ಹೆಪ್ಪುಗಟ್ಟಿ, ಮತ್ತೆ ಬಿಸಿ ಮಾಡುವಾಗ ಮೀನು ಪುಡಿಯಾಗುತ್ತದೆ. ಜೊತೆಗೆ ಬಾಳೆಕಾಯಿ ಬೇಯಿಸುವುದಾದರೆ ಸಿಪ್ಪೆ ಉದ್ದಕ್ಕೆ ಸೀಳಿ, ಉಪ್ಪು ಮತ್ತು ಒಂದು ಚಮಚ ಎಣ್ಣೆ ಹಾಕಿದ ನೀರಿನಲ್ಲಿ 20 ನಿಮಿಷ. ಎಣ್ಣೆ ಇಲ್ಲದಿದ್ದರೆ ಸೊನೆ ಪಾತ್ರೆಗೆ ಕಪ್ಪಗೆ ಅಂಟಿ ಉಜ್ಜಿದರೂ ಹೋಗುವುದಿಲ್ಲ.

ವಾಸ್ಕೊ ರೊಟ್ಟಿ, ಗೋವಾ

ಎಸ್ಕೊವಿಚ್ ಜೋಡಿ ಫೆಸ್ಟಿವಲ್ ಮಾಡ್ರಿ, ಸಿಹಿ ಕರಿದ ಹಿಟ್ಟು. ಮೈದಾ 125 ಗ್ರಾಂ, ಮೆಕ್ಕೆಜೋಳದ ಹಿಟ್ಟು 50 ಗ್ರಾಂ, ಸಕ್ಕರಿ 2 ದೊಡ್ಡ ಚಮಚ, ಬೇಕಿಂಗ್ ಪೌಡರ್ 1 ಚಮಚ, ಉಪ್ಪು ಅರ್ಧ, ನೀರು ಸುಮಾರು 90 ಮಿ.ಲೀ. ಅರ್ಧ ತಾಸು ಬಿಟ್ಟು ಬೆರಳುದ್ದ ಹೊಸೆದು, 165 ಡಿಗ್ರಿಯಾಗ ಕರೀರಿ, ಸಕ್ಕರಿ ಇರೂದಕ್ಕ ಅದಕ್ಕೂ ಬಿಸಿ ಆದ್ರ ಹೊರಗ ಕರ್ರಗ, ಒಳಗ ಹಸಿ. ಬಿಳಿ ಕಾರ್ನ್‌ಫ್ಲೋರ್ ಅಲ್ಲ, ಹಳದಿ ಹಿಟ್ಟು.