ಆಫೀಸಿನಲ್ಲಿ ನಮಗೆ ಎಂಥ ಹೆಸರಿದೆ ಅಂತ ತಿಳಿದುಕೊಳ್ಳೋದು ಹೇಗೆ?

ಮಳೆಹನಿ:
ಆರು ವರ್ಷದಿಂದ ಒಂದೇ ಕಡೆ ಕೆಲಸ ಮಾಡುತ್ತಿದ್ದೇನೆ. ವರ್ಷದ ಕೊನೆಯ ರೇಟಿಂಗ್ ಪ್ರತಿ ಸಲ ಚೆನ್ನಾಗೇ ಬರುತ್ತದೆ. ಹೋದ ವಾರ ಮೀಟಿಂಗ್ ರೂಮಿನ ಹೊರಗೆ ನಿಂತಿದ್ದೆ, ಬಾಗಿಲು ಅರ್ಧ ತೆರೆದಿತ್ತು, ಒಳಗೆ ಹೊಸ ಪ್ರಾಜೆಕ್ಟಿಗೆ ಯಾರನ್ನು ಹಾಕೋಣ ಅನ್ನೋ ಮಾತು ನಡೆದಿತ್ತು. ನನ್ನ ಹೆಸರು ಬಂತು. ಒಬ್ಬರು "ಕೆಲಸ ಅಚ್ಚುಕಟ್ಟು, ಆದ್ರೆ ಎಲ್ಲಿಗೆ ಬಂತು ಅಂತ ನಾವೇ ಹೋಗಿ ಕೇಳ್ಬೇಕು" ಅಂದರು. ಉಳಿದವರು ಹೂಂಗುಟ್ಟಿದರು. ತಕ್ಷಣ ಬೇರೆಯವರ ಹೆಸರಿಗೆ ಹೋದರು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಇಷ್ಟು ವರ್ಷದಲ್ಲಿ ಈ ಮಾತನ್ನು ಯಾರೂ ನನ್ನ ಮುಖಕ್ಕೆ ಹೇಳಿಲ್ಲ. ಇನ್ನೂ ಏನೇನು ಮಾತಿದೆಯೋ ಗೊತ್ತಿಲ್ಲ. ಇದನ್ನು ಅಳೆಯೋಕೆ ಏನಾದರೂ ದಾರಿ ಇದೆಯಾ?

ಹಳೆಬೇರು:
ನಿಮಗೆ ಬೇಜಾರಾಗಿದ್ದು ಸಹಜ. ಆದರೆ ಎಷ್ಟೋ ಜನಕ್ಕೆ ಕೊನೇವರೆಗೂ ಸಿಗದ ಮಾತು ನಿಮ್ಮ ಕಿವಿಗೆ ಬಿದ್ದಿದೆ. ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ಅನ್ನೋ ಇಬ್ಬರು ಮನಃಶಾಸ್ತ್ರಜ್ಞರು 1955ರಲ್ಲಿ ನಾಲ್ಕು ಮನೆಯ ಒಂದು ಚೌಕ ಬರೆದರು. ಇಬ್ಬರ ಹೆಸರು ಸೇರಿಸಿ ಅದಕ್ಕೆ ಜೋಹರಿ ವಿಂಡೋ ಅಂತಾರೆ. ಅದರಲ್ಲಿ ಒಂದು ಮನೆ, ಬೇರೆಯವರಿಗೆ ಗೊತ್ತಿದ್ದು ನಮಗೆ ಮಾತ್ರ ಗೊತ್ತಿಲ್ಲದ್ದು. ಹೆಸರು ಬೆಳೆಯೋದು, ಕೆಡೋದು ಜಾಸ್ತಿ ಆ ಮನೆಯಲ್ಲೇ. ಒಳಗೆ ಕೂತು ಎಷ್ಟು ಯೋಚನೆ ಮಾಡಿದರೂ ಅದು ಕಾಣೋದಿಲ್ಲ, ಹೊರಗಿನವರೇ ಹೇಳಬೇಕು.

ಹಾಗಂತ ಹೋಗಿ "ನನ್ನ ಬಗ್ಗೆ ಏನನ್ಸುತ್ತೆ?" ಅಂತ ಮಾತ್ರ ಕೇಳಬೇಡಿ. "ಚೆನ್ನಾಗಿದೀರಲ್ಲ" ಅಂತಾರೆ, ಮುಗೀತು. "ಹೋದ ತಿಂಗಳ ಆ ಕೆಲಸದಲ್ಲಿ ನಾನು ಯಾವುದನ್ನು ಬೇರೆ ಥರ ಮಾಡಿದ್ದರೆ ನಿಮಗೆ ಸಲೀಸಾಗ್ತಿತ್ತು?" ಅಂತ ಕೇಳಿ. ಆಗಿಹೋದ ಒಂದು ಕೆಲಸ ಎದುರಿಗಿದ್ದರೆ ಅವರಿಗೂ ಹೇಳೋಕೆ ಸಂಕೋಚ ಕಡಿಮೆ.

ಲೆಕ್ಕದಪುಸ್ತಕ:
ಅಳೆಯೋದು ಅಂದಿದ್ದಕ್ಕೆ ಹೇಳ್ತೀನಿ. ಜನ ಹೇಳೋದಕ್ಕಿಂತ ಮಾಡೋದನ್ನು ನೋಡಿ. ನಾನು ಮೂರು ತಿಂಗಳು ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ನನ್ನ ಟೀಮಿನವರಲ್ಲದೆ ಬೇರೆ ಯಾರು ನನ್ನ ಹತ್ತಿರ ಸಲಹೆಗೆ ಬಂದರು, ಯಾವ ವಿಷಯಕ್ಕೆ ಬಂದರು, ಒಂದು ನಿರ್ಧಾರ ಆಗೋ ಮೊದಲು ಕೇಳಿದರಾ ಅಥವಾ ಆದ ಮೇಲೆ ಸುಮ್ನೆ ತಿಳಿಸಿದರಾ, ಕೊಟ್ಟ ಕೆಲಸವನ್ನು ನಡುವೆ ಎಷ್ಟು ಸಲ ವಿಚಾರಿಸಿದರು, ಅಷ್ಟೇ. ನೋಡಿದರೆ ಬಂದವರೆಲ್ಲ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿಸೋಕೆ ಬಂದಿದ್ದರು, ಹೊಸದನ್ನು ಶುರು ಮಾಡೋಕೆ ಒಬ್ಬರೂ ಬಂದಿರಲಿಲ್ಲ. ನನ್ನ ಹೆಸರು ಏನು ಅಂತ ಆ ಪುಟ ನೋಡಿದಾಗಲೇ ಅರ್ಥ ಆಗಿದ್ದು.

ನಿಮ್ಮ ವಿಷಯದಲ್ಲಿ ಆ ಕೊನೆಯದನ್ನೇ ಎಣಿಸಿ. "ಎಲ್ಲಿಗೆ ಬಂತು?" ಅಂತ ವಾರಕ್ಕೆ ಎಷ್ಟು ಸಲ ಕೇಳ್ತಾರೆ? ಅದು ಕಡಿಮೆ ಆಗ್ತಾ ಬಂದರೆ ಹೆಸರು ಬದಲಾಗ್ತಿದೆ ಅಂತಲೇ.

ನಡುಹಗಲು:
ರೇಟಿಂಗ್ ಚೆನ್ನಾಗಿದೆ ಅಂದಿರಲ್ಲ, ಅದನ್ನು ಜಾಸ್ತಿ ನಂಬಬೇಡಿ. ಎಡ್ವರ್ಡ್ ಥಾರ್ನ್‌ಡೈಕ್ ಅನ್ನೋ ಮನಃಶಾಸ್ತ್ರಜ್ಞ 1920ರಲ್ಲೇ ಇದನ್ನು ತೋರಿಸಿದ್ದಾರೆ. ಸೇನಾಧಿಕಾರಿಗಳು ಕೈಕೆಳಗಿನವರ ಮೈಕಟ್ಟು, ಬುದ್ಧಿ, ಮುಂದಾಳುತನ, ನಡತೆ ಎಲ್ಲಕ್ಕೂ ಬೇರೆ ಬೇರೆ ಅಂಕ ಕೊಡಬೇಕಿತ್ತು. ಆದರೆ ಒಂದರಲ್ಲಿ ಜಾಸ್ತಿ ಕೊಟ್ಟವರಿಗೆ ಉಳಿದದ್ದರಲ್ಲೂ ಜಾಸ್ತಿಯೇ ಬಿದ್ದಿತ್ತು. ಹೇಲೋ ಎಫೆಕ್ಟ್ ಅನ್ನೋದು ಇದನ್ನೇ. ನಿಮ್ಮ ಅಚ್ಚುಕಟ್ಟು ಕೆಲಸದ ನೆರಳಲ್ಲಿ ಉಳಿದ ಕೊರತೆ ಫಾರಂನಲ್ಲಿ ಮುಚ್ಚಿಹೋಗಿರಬಹುದು.

ಇನ್ನೊಂದು, ಒಬ್ಬ ಮನುಷ್ಯನಿಗೆ ಒಂದೇ ಹೆಸರು ಅಂತ ಇರೋದಿಲ್ಲ. ಪಕ್ಕದಲ್ಲಿ ಕೂತವರಿಗೆ ನೀವು ಒಂಥರಾ, ನಿಮ್ಮ ಕೆಲಸಕ್ಕೆ ಕಾಯೋರಿಗೆ ಇನ್ನೊಂಥರಾ, ಬರೀ ಮೀಟಿಂಗಿನಲ್ಲಿ ನೋಡಿದವರಿಗೆ ಮತ್ತೊಂಥರಾ. ಮೂರನ್ನೂ ಕೂಡಿಸಿ ಭಾಗಿಸಿದರೆ ಬರೋ ಸಂಖ್ಯೆಯಿಂದ ಏನೂ ತಿಳಿಯೋದಿಲ್ಲ. ಕಾಯೋರ ಹತ್ತಿರ ಮೊದಲು ಹೋಗಿ.

ಕಿಟಕಿಪಕ್ಕ:
ಎಲ್ಲ ಸರಿ, ಒಂದು ಮಾತು ಬಿಟ್ಟುಹೋಗಿದೆ. ಹೆಸರು ಯಾವಾಗಲೂ ನ್ಯಾಯವಾಗಿ ಬರೋದಿಲ್ಲ. ನಾಲ್ಕು ವರ್ಷದ ಹಿಂದೆ ಒಂದು ಕೆಲಸ ತಡವಾಯಿತು, ಕಾರಣ ಬೇರೆಯವರು, ಆದರೂ "ಅವರು ಲೇಟು" ಅನ್ನೋ ಮಾತು ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ. ಆಮೇಲೆ ಸೇರಿದವರೂ ಅದನ್ನೇ ಹೇಳ್ತಾರೆ, ಅವರು ಕಣ್ಣಾರೆ ನೋಡೇ ಇಲ್ಲ. ಹಾಗಾಗಿ ಕೇಳಿಸಿಕೊಂಡಿದ್ದನ್ನೆಲ್ಲ ತಲೆ ಮೇಲೆ ಹೊತ್ತುಕೊಳ್ಳಬೇಡಿ. ಹೇಳಿದವರು ನಿಮ್ಮ ಜೊತೆ ಕೆಲಸ ಮಾಡಿದ್ದಾರಾ ಅಂತ ಮೊದಲು ನೋಡಿ, ಅಲ್ವಾ?

ಮಳೆಹನಿ:
ಎಲ್ಲರಿಗೂ ಥ್ಯಾಂಕ್ಸ್. ಆ ಮಾತು ಹೇಳಿದವರು ನನ್ನ ಜೊತೆ ಎರಡು ಪ್ರಾಜೆಕ್ಟ್ ಮಾಡಿದವರು, ಹಾಗಾಗಿ ತಳ್ಳಿಹಾಕೋಕೆ ಆಗಲಿಲ್ಲ. ನಿನ್ನೆ ಅವರ ಹತ್ತಿರ ಹೋಗಿ, ಹಳೆಬೇರು ಹೇಳಿದ ಥರಾನೇ, ಹೋದ ಪ್ರಾಜೆಕ್ಟ್ ಹಿಡಿದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಮುಗಿಸ್ತೀರ ಅಂತ ನಂಗೆ ಗೊತ್ತಿರ್ತಿತ್ತು, ಆದ್ರೆ ಮೇಲಿನವರು ಕೇಳಿದಾಗ ಹೇಳೋಕೆ ನನ್ನ ಹತ್ರ ಏನೂ ಇರ್ತಿರ್ಲಿಲ್ಲ" ಅಂದರು. ನಾನು ತೊಂದರೆ ಕೊಡಬಾರದು ಅಂತ ಸುಮ್ಮನಿರುತ್ತಿದ್ದೆ. ಅದೇ ಅವರಿಗೆ ತೊಂದರೆ ಆಗಿತ್ತು.

ಇವತ್ತು ಬೆಳಿಗ್ಗೆ ಅವರು ಕೇಳೋ ಮೊದಲೇ ಎರಡು ಸಾಲು ಬರೆದು ಕಳಿಸಿದೆ. ನೋಟ್‌ಬುಕ್ಕಿನಲ್ಲಿ ಎಣಿಸೋಕೂ ಶುರು ಮಾಡಿದ್ದೇನೆ. ಈ ವಾರ ಇಲ್ಲಿವರೆಗೆ "ಎಲ್ಲಿಗೆ ಬಂತು?" ಐದು ಸಲ.