ಸ್ಕಾಟ್ ಫ್ರಾಸ್ಟ್ ವಿಚಾರವಾಗಿ ನಮ್ಮ ಮನೆಯ ಗುಂಪಿನಲ್ಲಿ ನಡೆದ ಚರ್ಚೆ

2024 ಡಿಸೆಂಬರ್ 8, ಭಾನುವಾರ

ಒರ್ಲ್ಯಾಂಡೊ ತಂಗಿ: [ಹಂಚಿಕೊಂಡ ಸುದ್ದಿ: ಸೆಂಟ್ರಲ್ ಫ್ಲೋರಿಡಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಸ್ಕಾಟ್ ಫ್ರಾಸ್ಟ್ ಮತ್ತೆ ಮುಖ್ಯ ಕೋಚ್]

ಎಲ್ಲರಿಗೂ ನಮಸ್ಕಾರ. ನಮ್ಮ ವಿಶ್ವವಿದ್ಯಾಲಯಕ್ಕೆ ಫ್ರಾಸ್ಟ್ ಮರಳಿ ಬರುತ್ತಿದ್ದಾರೆ. 2015ರಲ್ಲಿ ಆಡಿದ 12 ಪಂದ್ಯಗಳನ್ನೂ ಸೋತಿದ್ದ ತಂಡವನ್ನು ವಹಿಸಿಕೊಂಡು, ಎರಡನೆಯ ವರ್ಷವಾದ 2017ರಲ್ಲಿ 13ಕ್ಕೆ 13 ಪಂದ್ಯಗಳನ್ನು ಗೆಲ್ಲಿಸಿದವರು ಅವರು. ಆಮೇಲೆ ಅವರು ಲಿಂಕನ್ ಊರಿನ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಕೋಚ್ ಆಗಿ ಹೋದರು. ಅಂಥವರನ್ನು ಅಲ್ಲಿಯವರು 2022ರ ನಡುವರ್ಷದಲ್ಲಿ ಹೊರಗೆ ಕಳಿಸಿದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಲಿಂಕನ್ನಿನಲ್ಲಿರುವ ಅಣ್ಣ ಇದನ್ನು ಒಪ್ಪುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ನಾನು: ಒಪ್ಪುವುದಿಲ್ಲ, ತಂಗಿ. ಆದರೆ ಕೋಪದಿಂದ ಹೇಳುತ್ತಿಲ್ಲ. ಫ್ರಾಸ್ಟ್ ಈ ರಾಜ್ಯದ ಮನೆಮಗ. 1997ರಲ್ಲಿ ನೆಬ್ರಾಸ್ಕಾ ರಾಷ್ಟ್ರೀಯ ಪ್ರಶಸ್ತಿಯನ್ನು ಮಿಶಿಗನ್ ಜೊತೆ ಹಂಚಿಕೊಂಡಾಗ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ಆಕ್ರಮಣವನ್ನು ಮುನ್ನಡೆಸುವ ಆಟಗಾರ, ಆಗಿದ್ದವರು ಅವರೇ. 2017ರ ಡಿಸೆಂಬರಿನಲ್ಲಿ ಅವರು ಕೋಚ್ ಆಗಿ ಬರುತ್ತಾರೆಂದು ತಿಳಿದ ದಿನ ಇಲ್ಲಿಯ ದಿನಸಿ ಅಂಗಡಿಯಲ್ಲಿ ಗುರುತಿಲ್ಲದವರು ಕೂಡ ನನ್ನ ಕೈಕುಲುಕಿದ್ದರು. ಅವರು ಗೆಲ್ಲಬೇಕೆಂದು ನಾನು ಬಯಸಿದಷ್ಟು ನೀನೂ ಬಯಸಿರಲಾರೆ. ಹೀಗಿದ್ದೂ 47 ಪಂದ್ಯಗಳಲ್ಲಿ ಗೆದ್ದದ್ದು 16, ಸೋತದ್ದು 31. ಈ 31ರಲ್ಲಿ ಎಷ್ಟು ಸೋಲು ಅವರವು ಎನ್ನುವುದೇ ಪ್ರಶ್ನೆ.

ಮೈಸೂರು ದೊಡ್ಡಪ್ಪ: ಮಗೂ, ಅಮೆರಿಕದ ಫುಟ್‌ಬಾಲಿನ ನಿಯಮ ನನಗೆ ಅರ್ಧಂಬರ್ಧ ಗೊತ್ತು. ಆದರೆ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿ ಇಪ್ಪತ್ತೆಂಟು ವರ್ಷ ಹುಡುಗರಿಗೆ ವಾಲಿಬಾಲ್ ಕಲಿಸಿದವನಾದ್ದರಿಂದ ಒಂದು ಮಾತು ಹೇಳಬಲ್ಲೆ. ಅಂಗಳದ ಗೆರೆಯ ಆಚೆ ನಿಂತವನ ಕೈಯಲ್ಲಿ ಬಹಳ ಕಡಿಮೆ ಇರುತ್ತದೆ. ಅಂತರ ಕಾಲೇಜು ಫೈನಲ್‌ನಲ್ಲಿ ಐದನೆಯ ಸೆಟ್‌ನಲ್ಲಿ 13-10ರಿಂದ ಮುಂದಿದ್ದಾಗ ನಮ್ಮ ಸೆಟ್ಟರ್‌ನ ಕಾಲು ಉಳುಕಿತು, ನಾವು ಸೋತೆವು. ಮರುವರ್ಷ ಆಡಳಿತ ಮಂಡಳಿಯವರು ತಂಡವನ್ನು ಬೇರೊಬ್ಬರಿಗೆ ಒಪ್ಪಿಸಿದರು. ಆ ಕಾಲೇಜಿನ ಹೆಸರು ಇಲ್ಲಿ ಬೇಡ. ಸೋತ ದಿನ ಎಲ್ಲರ ಕಣ್ಣಿಗೂ ಕೋಚ್ ಒಬ್ಬನೇ ಕಾಣುವುದೇಕೆಂದರೆ, ಹನ್ನೆರಡು ಹುಡುಗರನ್ನು ತೆಗೆಯುವುದಕ್ಕಿಂತ ಒಬ್ಬನನ್ನು ತೆಗೆಯುವುದು ಸುಲಭ.

ನಾನು: ದೊಡ್ಡಪ್ಪ, ನಿಮಗಾದದ್ದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀವು ಹಾಗೆ ಸೋತದ್ದು ಒಂದು ಸಲ. ಇಲ್ಲಿಯ ಕಥೆ ಬೇರೆ. ಈ ಆಟದಲ್ಲಿ ಒಂದು ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದ್ದಕ್ಕೆ ಸಿಗುವ ಅಂಕ, ಮತ್ತು ಅದರ ಹಿಂದೆಯೇ ಸಿಗುವ ಹೆಚ್ಚುವರಿ ಅಂಕ ಸೇರಿದರೆ ಗರಿಷ್ಠ 8 ಅಂಕವಾಗುತ್ತದೆ. ಆದ್ದರಿಂದ 8 ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಮುಗಿದ ಪಂದ್ಯವನ್ನು ಒಂದೇ ಸ್ಕೋರಿನ ಪಂದ್ಯವೆನ್ನುತ್ತಾರೆ. ಫ್ರಾಸ್ಟ್ ಲಿಂಕನ್ನಿನಲ್ಲಿದ್ದಾಗ ಅಂಥ 27 ಪಂದ್ಯಗಳು ನಡೆದವು. ಗೆದ್ದದ್ದು 5, ಸೋತದ್ದು 22.

ಒರ್ಲ್ಯಾಂಡೊ ತಂಗಿ: ಅಣ್ಣ, ನನ್ನ ವಾದಕ್ಕೆ ಅದೇ ಆಧಾರ. ಅಷ್ಟು ಹತ್ತಿರ ಬಂದು ಸೋತರೆಂದರೆ ತಂಡ ಚೆನ್ನಾಗಿಯೇ ತಯಾರಾಗಿತ್ತು ಎಂದಲ್ಲವೇ? 2021ರಲ್ಲಿ 3 ಗೆಲುವು, 9 ಸೋಲು. ಒಂಬತ್ತೂ ಸೋಲುಗಳ ಅಂತರ ಕೂಡಿಸಿದರೆ ಬರೀ 56 ಅಂಕ. ಇಡೀ ವರ್ಷ ಎದುರಾಳಿಗಳು ಗಳಿಸಿದ್ದಕ್ಕಿಂತ ನೆಬ್ರಾಸ್ಕಾ 63 ಅಂಕ ಹೆಚ್ಚಾಗಿಯೇ ಗಳಿಸಿತ್ತು. ಇದು ಕೈಗೆ ಬಂದ ತುತ್ತು ಬಾಯಿಗೆ ಬಾರದ ತಂಡವೇ ಹೊರತು, ಕೆಟ್ಟ ತಂಡವಲ್ಲ.

ನಾನು: ನೀನು ಸಂಖ್ಯಾಶಾಸ್ತ್ರ ಓದುತ್ತಿರುವವಳು, ನೀನೇ ಲೆಕ್ಕ ಹಾಕು. ಬಿಗಿಯಾದ ಪಂದ್ಯ ನಾಣ್ಯ ಚಿಮ್ಮಿದಂತೆ ಎಂದಿಟ್ಟುಕೊಂಡರೆ, 27 ಸಲ ಚಿಮ್ಮಿ ಐದೇ ಸಲ, ಅಥವಾ ಅದಕ್ಕೂ ಕಡಿಮೆ ಸಲ, ರಾಜನ ಮುಖ ಬೀಳುವ ಸಂಭವ ಎಷ್ಟು?

ಒರ್ಲ್ಯಾಂಡೊ ತಂಗಿ: ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಬರೀ ದುರದೃಷ್ಟ ಎನ್ನುವ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ದುರದೃಷ್ಟವಲ್ಲ ಎಂದ ಮಾತ್ರಕ್ಕೆ ಕೋಚ್ ತಪ್ಪು ಎಂದಾಗುವುದಿಲ್ಲ. ಅಂಗಳದಲ್ಲಿ ಚೆಂಡು ಕೈಬಿಟ್ಟವರು ಆಟಗಾರರು.

ನಾನು: ಚೆಂಡು ಹೇಗೆ ಕೈತಪ್ಪಿತು ಎನ್ನುವುದನ್ನು ಒಂದು ಪಂದ್ಯದಲ್ಲಿ ನೋಡೋಣ. 2021ರ ಸೆಪ್ಟೆಂಬರ್ 25, ಎದುರಾಳಿ ಮಿಶಿಗನ್ ಸ್ಟೇಟ್. ಎರಡನೆಯ ಅರ್ಧದಲ್ಲಿ ನಮ್ಮ ರಕ್ಷಣೆಯ ಹುಡುಗರು ಅವರನ್ನು ಉಸಿರಾಡಲೂ ಬಿಟ್ಟಿರಲಿಲ್ಲ. ಕೊನೆಯ ಹೊತ್ತಿಗೆ 20-13ರಿಂದ ನಾವು ಮುಂದಿದ್ದೆವು. ಆಗ ಪಂಟ್, ಅಂದರೆ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವ ಸಂದರ್ಭ. ನಮ್ಮವರೆಲ್ಲ ಒಂದು ಬದಿಗೆ ಓಡಿದರು, ಚೆಂಡು ಇನ್ನೊಂದು ಬದಿಗೆ ಹೋಯಿತು. ಅಲ್ಲಿ ತಡೆಯಲು ಒಬ್ಬನೂ ಇಲ್ಲದೆ ಎದುರಾಳಿ 62 ಗಜ ಓಡಿ ಅಂಕ ಸಮ ಮಾಡಿದ. ಹೆಚ್ಚುವರಿ ಅವಧಿಯಲ್ಲಿ 23-20ಕ್ಕೆ ಸೋತೆವು. ಒದ್ದ ಹುಡುಗನ ತಪ್ಪು ಎನ್ನಬಹುದು. ಆದರೆ ಅದೇ ತಿಂಗಳು ಒಕ್ಲಹೋಮ ವಿರುದ್ಧ ನಮ್ಮ ಹೆಚ್ಚುವರಿ ಅಂಕದ ಒದೆತವನ್ನು ತಡೆದು, ಚೆಂಡನ್ನು ಹೊತ್ತುಕೊಂಡು ಓಡಿ ಅವರೇ 2 ಅಂಕ ಪಡೆದಿದ್ದರು. ನವೆಂಬರಿನಲ್ಲಿ ಅಯೋವಾ ವಿರುದ್ಧ 21-6ರಿಂದ ಮುಂದಿದ್ದೆವು. ಅವರು ನಮ್ಮ ಪಂಟ್ ತಡೆದು ಟಚ್‌ಡೌನ್ ಮಾಡಿದರು, ಪಂದ್ಯ 28-21ಕ್ಕೆ ಕೈಬಿಟ್ಟಿತು. ಮೂರೂ ಕಡೆ ಹುಡುಗರು ಬೇರೆ, ಎಡವಿದ್ದು ಮಾತ್ರ ಒದೆತದ ವಿಭಾಗದಲ್ಲೇ. ಆ ವಿಭಾಗಕ್ಕೆ ಅಭ್ಯಾಸದಲ್ಲಿ ಎಷ್ಟು ಹೊತ್ತು ಮೀಸಲಿಡಬೇಕು, ಅದನ್ನು ಯಾರ ಕೈಗೆ ಒಪ್ಪಿಸಬೇಕು ಎಂದು ತೀರ್ಮಾನಿಸುವವರು ಮುಖ್ಯ ಕೋಚ್ ಒಬ್ಬರೇ. ಸ್ಪೆಷಲ್ ಟೀಮ್ಸ್ ಎನ್ನುವ ಈ ವಿಭಾಗವನ್ನು ಫ್ರಾಸ್ಟ್ ಬಿಲ್ ಬುಷ್ ಎಂಬ ಕೋಚ್‌ಗೆ ಒಪ್ಪಿಸಿದ್ದು ಆ ವರ್ಷದ ಪಂದ್ಯಗಳೆಲ್ಲ ಮುಗಿದ ಮೇಲೆ.

ಮೈಸೂರು ದೊಡ್ಡಪ್ಪ: ಇದು ತೂಕದ ಮಾತು. ಸರ್ವಿಸ್ ನೆಟ್ಟಿಗೆ ಬಿದ್ದರೆ ಹುಡುಗನ ತಪ್ಪು. ವರ್ಷವಿಡೀ ಎಲ್ಲರ ಸರ್ವಿಸೂ ನೆಟ್ಟಿಗೆ ಬಿದ್ದರೆ ಕಲಿಸಿದವನ ತಪ್ಪು. ಇಷ್ಟನ್ನು ಒಪ್ಪುತ್ತೇನೆ.

ಒಮಾಹಾ ಅತ್ತಿಗೆ: ತಡವಾಗಿ ಸೇರಿಕೊಳ್ಳುತ್ತಿದ್ದೇನೆ, ಕ್ಷಮಿಸಿ. 2022ರ ಸೆಪ್ಟೆಂಬರ್ 10ರ ರಾತ್ರಿ ನಿಮ್ಮಣ್ಣ ಮತ್ತು ನಾನು ಮೆಮೋರಿಯಲ್ ಸ್ಟೇಡಿಯಂನಲ್ಲಿ ಕುಳಿತಿದ್ದೆವು. 1962ರಿಂದ ಒಂದು ಪಂದ್ಯಕ್ಕೂ ಟಿಕೆಟ್ ಉಳಿಯದ ಮೈದಾನವದು. ತಂಡ ಮೊದಲ ಅಂಕ ಗಳಿಸಿದಾಗ ಸಾವಿರಾರು ಕೆಂಪು ಬಲೂನು ಹಾರಿಸುವುದು ಅಲ್ಲಿಯ ವಾಡಿಕೆಯಾಗಿತ್ತು. ಹೀಲಿಯಂ ಕೊರತೆಯಿಂದ ಆ ವರ್ಷ ಅದೂ ಇರಲಿಲ್ಲ. ಸ್ವಂತ ಮೈದಾನದಲ್ಲಿ 35 ಅಥವಾ ಹೆಚ್ಚು ಅಂಕ ಗಳಿಸಿದ 214 ಪಂದ್ಯಗಳಲ್ಲಿ ನೆಬ್ರಾಸ್ಕಾ ಅದುವರೆಗೆ ಒಂದನ್ನೂ ಸೋತಿರಲಿಲ್ಲ. ಅಂದು 42 ಅಂಕ ಗಳಿಸಿ ಜಾರ್ಜಿಯಾ ಸದರ್ನ್‌ಗೆ 45-42ಕ್ಕೆ ಸೋತರು. ಕೊನೆಯ ನಿಮಿಷದಲ್ಲಿ ಎದುರಾಳಿ ಕ್ವಾರ್ಟರ್‌ಬ್ಯಾಕ್ ತಾನೇ ಓಡಿ ಗೆರೆ ದಾಟಿದ. ನಮ್ಮ 52 ಗಜದ ಒದೆತ ಗುರಿ ತಪ್ಪಿತು. ನಮ್ಮ ಮುಂದಿನ ಸಾಲಿನ ಅಜ್ಜರೊಬ್ಬರು ಕೆಂಪು ಟೋಪಿಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು, ದೀಪ ಆರಿಸುವವರೆಗೂ ಏಳಲಿಲ್ಲ. ಮರುದಿನ ಫ್ರಾಸ್ಟ್ ಅವರ ತಲೆದಂಡವಾಯಿತು.

ಆದರೆ ನಾನು ಲೆಕ್ಕಪತ್ರ ನೋಡುವವಳು, ಆಡಳಿತದ ತಪ್ಪನ್ನು ಬಿಡಲಾರೆ. ಅಕ್ಟೋಬರ್ 1ರವರೆಗೆ ಕಾದಿದ್ದರೆ ಅವರನ್ನು ತೆಗೆಯಲು ಕೊಡಬೇಕಾಗಿದ್ದ ಒಂದೂವರೆ ಕೋಟಿ ಡಾಲರ್ ಅರ್ಧಕ್ಕೆ ಇಳಿಯುತ್ತಿತ್ತು. ಮೂರು ವಾರ ತಾಳಲಾರದೆ 75 ಲಕ್ಷ ಡಾಲರ್ ಹೆಚ್ಚಿಗೆ ತೆತ್ತರು. ಅದಕ್ಕಿಂತ ದೊಡ್ಡ ತಪ್ಪು 2019ರ ನವೆಂಬರಿನದು: ಎರಡನೆಯ ವರ್ಷವೂ ಸೋಲುಗಳ ನಡುವೆಯೇ ಸಾಗುತ್ತಿದ್ದಾಗ ಅವರ ಒಪ್ಪಂದವನ್ನು 2026ರವರೆಗೆ ವಿಸ್ತರಿಸಿದರು. ಆ ಕಾಗದಕ್ಕೆ ಸಹಿ ಹಾಕಿದವರ ಮೇಲೆ ಯಾರೂ ಕೂಗಾಡಲಿಲ್ಲ.

ಮೈಸೂರು ದೊಡ್ಡಪ್ಪ: ನೋಡಿದೆಯಾ! ನನ್ನ ಮೊದಲ ಮಾತಿನಲ್ಲಿಯೂ ಸತ್ಯವಿದೆ. ಇನ್ನೊಂದು ಕೇಳುತ್ತೇನೆ, ಈಗ ಇರುವ ಕೋಚ್ ಕಾಲದಲ್ಲಿ ಆ ರೋಗ ವಾಸಿಯಾಗಿದೆಯೇ?

ನಾನು: ಈ ಪ್ರಶ್ನೆ ನನ್ನ ವಾದದ ಎಳೆಯನ್ನು ಸಡಿಲಿಸುತ್ತದೆ, ದೊಡ್ಡಪ್ಪ, ಆದರೂ ಮುಚ್ಚಿಡುವುದಿಲ್ಲ. ಮ್ಯಾಟ್ ರೂಲ್ ಬಂದ ಮೊದಲ ವರ್ಷ, 2023ರಲ್ಲಿ, ಕೊನೆಯ ನಾಲ್ಕು ಪಂದ್ಯಗಳನ್ನೂ ಒಂದೇ ಸ್ಕೋರಿನ ಅಂತರದಲ್ಲಿ ಸೋತೆವು. ಈ ವರ್ಷ ಇಲ್ಲಿಯವರೆಗೆ 6 ಗೆಲುವು, 6 ಸೋಲು. ಆರು ಸೋಲುಗಳಲ್ಲಿ ಐದು ಹಾಗೆಯೇ. ಅಯೋವಾ ವಿರುದ್ಧ ಕಳೆದ ವರ್ಷವೂ ಈ ವರ್ಷವೂ 13-10ಕ್ಕೆ ಸೋಲು.

ಒರ್ಲ್ಯಾಂಡೊ ತಂಗಿ: ಹಾಗಾದರೆ ರೋಗ ಮನೆಯದ್ದು, ಮನುಷ್ಯನದ್ದಲ್ಲ! 2003ರಲ್ಲಿ 9 ಪಂದ್ಯ ಗೆದ್ದ ಕೋಚ್ ಫ್ರಾಂಕ್ ಸೋಲಿಚ್ ಅವರನ್ನು ತೆಗೆದರು. ಇದ್ದ ಏಳೂ ವರ್ಷ ಒಂಬತ್ತಕ್ಕೆ ಕಡಿಮೆಯಿಲ್ಲದಂತೆ ಗೆದ್ದ ಬೋ ಪೆಲಿನಿ ಅವರನ್ನು 2014ರಲ್ಲಿ ತೆಗೆದರು. ಹಳೆಯ ಕೋಚ್ ಟಾಮ್ ಆಸ್ಬರ್ನ್ 1994, 1995, 1997ರಲ್ಲಿ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ಕಾಲವನ್ನೇ ಇಂದಿಗೂ ಅಳತೆಗೋಲಾಗಿ ಹಿಡಿದರೆ ಯಾರು ತಾನೇ ಉಳಿದಾರು?

ನಾನು: ಅದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಪೆಲಿನಿ ಅವರನ್ನು ಕಳಿಸಿದ್ದು ತಪ್ಪೆಂದು ನಾನು ಅಂದೂ ಹೇಳಿದ್ದೆ. 2011ರಲ್ಲಿ ಬಿಗ್ ಟೆನ್ ಎಂಬ ವಿಶ್ವವಿದ್ಯಾಲಯಗಳ ಕೂಟ ಸೇರಿದ ಮೇಲೆ ಎದುರಾಳಿಗಳೂ ಬದಲಾದರು, ಹುಡುಗರನ್ನು ಆರಿಸಿ ತರುವ ಊರುಗಳೂ ಬದಲಾದವು. ಫ್ರಾಸ್ಟ್ ವಹಿಸಿಕೊಂಡದ್ದು ಹಿಂದಿನ ವರ್ಷ 4 ಗೆಲುವು, 8 ಸೋಲಿಗೆ ಇಳಿದಿದ್ದ ತಂಡವನ್ನು. ಆದ್ದರಿಂದ ಸೋತದ್ದಕ್ಕಾಗಿ ನಾನು ಅವರನ್ನು ದೂರುವುದಿಲ್ಲ. ದೂರುವುದು ಎರಡು ಕಾರಣಕ್ಕೆ. ಒಂದನ್ನು ಹೇಳಿಯಾಯಿತು, ಒಂದೇ ಕಲ್ಲನ್ನು ನಾಲ್ಕು ವರ್ಷ ಎಡವಿದ್ದು. ಇನ್ನೊಂದು ನನಗೆ ಹೆಚ್ಚು ನೋವು ಕೊಟ್ಟದ್ದು.

2021ರ ನವೆಂಬರಿನಲ್ಲಿ ಒಹಾಯೋ ಸ್ಟೇಟ್ ವಿರುದ್ಧ ಸೋತ ಎರಡೇ ದಿನಕ್ಕೆ ಆಕ್ರಮಣ ವಿಭಾಗದ ನಾಲ್ವರು ಸಹಾಯಕ ಕೋಚ್‌ಗಳನ್ನು ತೆಗೆದರು. ಒದೆತದ ವಿಭಾಗ ಕೆಟ್ಟಿರುವಾಗ ಆಕ್ರಮಣದವರನ್ನು ಕಳಿಸಿದ್ದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಆಮೇಲೆ 2022ರ ಆಗಸ್ಟ್ 27, ಡಬ್ಲಿನ್‌ನಲ್ಲಿ ನಾರ್ತ್‌ವೆಸ್ಟರ್ನ್ ವಿರುದ್ಧದ ಪಂದ್ಯ. ಮೂರನೆಯ ಕಾಲುಭಾಗದಲ್ಲಿ 28-17ರಿಂದ ಮುಂದಿದ್ದೆವು. ಆಟ ಮತ್ತೆ ಆರಂಭಿಸುವಾಗ ಚೆಂಡನ್ನು ದೂರಕ್ಕೆ ಒದೆಯುವ ಬದಲು ಹತ್ತಿರಕ್ಕೆ ಒದ್ದು ತಾವೇ ಹಿಡಿಯಲು ನೋಡುವ ಆನ್‌ಸೈಡ್ ಕಿಕ್‌ಗೆ ಫ್ರಾಸ್ಟ್ ಆದೇಶಿಸಿದರು. ಸೋಲುತ್ತಿರುವ ತಂಡ ಬೇರೆ ದಾರಿಯಿಲ್ಲದಾಗ ಮಾಡುವ ಸಾಹಸ ಅದು. ಚೆಂಡು ನಾರ್ತ್‌ವೆಸ್ಟರ್ನ್ ಪಾಲಾಯಿತು, ಅವರು ಅಲ್ಲಿಂದಲೇ ಟಚ್‌ಡೌನ್ ಗಳಿಸಿ ಕೊನೆಗೆ 31-28ಕ್ಕೆ ಗೆದ್ದರು. ಆ ವರ್ಷ ಅವರು ಗೆದ್ದದ್ದು ಅದೊಂದೇ ಪಂದ್ಯ, ಉಳಿದ 11ನ್ನೂ ಸೋತರು. ಆ ಒದೆತ ತನ್ನ ತೀರ್ಮಾನವೆಂದು ಫ್ರಾಸ್ಟ್ ಒಪ್ಪಿಕೊಂಡರು, ಅದಕ್ಕೆ ಗೌರವವಿದೆ. ಆದರೆ ಅದೇ ಗಳಿಗೆಯಲ್ಲಿ, ಆಕ್ರಮಣದ ಸಿಬ್ಬಂದಿ ಇನ್ನಷ್ಟು ಕಲ್ಪನೆಯಿಂದ ಆಡಿಸುವುದನ್ನು ಕಲಿಯಬೇಕು ಎಂದೂ ಹೇಳಿದರು. ಆ ಸಿಬ್ಬಂದಿಯಲ್ಲಿ ಹೆಚ್ಚಿನವರು ಅವರೇ ಎಂಟು ತಿಂಗಳ ಹಿಂದೆ ಹುಡುಕಿ ತಂದವರು, ಅವರಿಗದು ಮೊದಲ ಪಂದ್ಯ. ಆ ಸಂಜೆ ನನ್ನ ಮನಸ್ಸು ಅವರಿಂದ ಕಳಚಿಕೊಂಡಿತು.

ಮೈಸೂರು ದೊಡ್ಡಪ್ಪ: ಅದು ತಪ್ಪು. ಸೋತ ದಿನ ಕೈಕೆಳಗಿನವರ ಹೆಸರು ಬಾಯಲ್ಲಿ ಬರಬಾರದು. ಕಾಲು ಉಳುಕಿದ ಆ ಹುಡುಗನ ಹೆಸರನ್ನು ನಾನು ಮಂಡಳಿಯ ಮುಂದೆ ಹೇಳಲಿಲ್ಲ. ಹೇಳಿದ್ದರೆ ನನ್ನ ಜಾಗ ಉಳಿಯುತ್ತಿತ್ತೇನೋ.

ಒರ್ಲ್ಯಾಂಡೊ ತಂಗಿ: ಡಬ್ಲಿನ್ನಿನ ಮಾತು ನನಗೆ ಗೊತ್ತಿರಲಿಲ್ಲ. ದೊಡ್ಡಪ್ಪ ಹೇಳಿದ ಮೇಲೆ ಅದಕ್ಕೆ ಎದುರಾಡಲಾರೆ. ಆದರೂ ಅವರು ಇಲ್ಲಿ ಮತ್ತೆ ಕಟ್ಟಲಿ ಎಂದೇ ನನ್ನ ಆಸೆ.

ನಾನು: ನನ್ನದೂ ಅದೇ ಆಸೆ. ಅವರು ಇಲ್ಲಿ ಸೋತರೆಂದು ಎಲ್ಲಿಯೂ ಗೆಲ್ಲಬಾರದೆಂದೇನಿಲ್ಲ. ಮೊದಲ ಅಭ್ಯಾಸಕ್ಕೆ ಹೋಗಲು ನಿನಗೆ ಬಿಟ್ಟರೆ, ಪಂಟ್ ತಂಡ ಎಷ್ಟು ಹೊತ್ತು ಮೈದಾನದಲ್ಲಿತ್ತು ಎಂದು ಗಡಿಯಾರ ನೋಡಿ ನನಗೆ ಬರೆ.

ಒಮಾಹಾ ಅತ್ತಿಗೆ: ಈಗಷ್ಟೇ ಪ್ರಕಟವಾಯಿತು: ಡಿಸೆಂಬರ್ 28ರಂದು ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ಬಾಸ್ಟನ್ ಕಾಲೇಜ್ ವಿರುದ್ಧ ನಮ್ಮ ಬೌಲ್ ಪಂದ್ಯ, ಅಂದರೆ ವರ್ಷದ ಪಂದ್ಯಗಳೆಲ್ಲ ಮುಗಿದ ಮೇಲೆ ಆಹ್ವಾನದ ಮೇಲೆ ಆಡುವ ಪಂದ್ಯ. ನ್ಯೂಯಾರ್ಕಿನ ಮಧ್ಯಾಹ್ನ ಹನ್ನೆರಡಕ್ಕೆ ಆರಂಭ.

ಮೈಸೂರು ದೊಡ್ಡಪ್ಪ: ನಮಗೆ ರಾತ್ರಿ ಹತ್ತೂವರೆ. ಎದ್ದಿರುತ್ತೇನೆ. ಎಲ್ಲಿ ನೋಡಬೇಕೆಂಬ ಕೊಂಡಿ ಕಳಿಸು ಮಗೂ, ನಾನು ಒದೆಯುವವರನ್ನಷ್ಟೇ ನೋಡುತ್ತೇನೆ.